ಕೆಂಪು ಕೋಟು

ರಾಯಚೂರಿನಲ್ಲಿ ನಮ್ಮ ಮನೆಯ ಎದುರಿಗೆ ಒಂದು ಮದುವೆ ಬ್ಯಾಂಡಿನ ಅಂಗಡಿಯಿತ್ತು. ಬ್ಯಾಂಡು ಕಟ್ಟಿದವರು ಕ್ಲಾರಿನೆಟ್ ಮಾಸ್ತರರು. ಎಪ್ಪತ್ತರ ದಶಕದಲ್ಲಿ ಅವರು ಊದಿದರೆ ವರನ ಸೋದರಮಾವಂದಿರೂ ಕುಣಿಯುತ್ತಿದ್ದರು.

ಮಾಸ್ತರರು ಒಂಬತ್ತು ಕೆಂಪು ಕೋಟು ಹೊಲಿಸಿದ್ದರು. ಯಾರಾದರೂ ಬ್ಯಾಂಡು ಬಿಟ್ಟರೆ ಅವರ ಕೋಟು ಬಿಚ್ಚಿಸಿಕೊಂಡು, ಅದು ಮೈಗೆ ಹಿಡಿಸುವ ಇನ್ನೊಬ್ಬನನ್ನು ಹುಡುಕುತ್ತಿದ್ದರು. "ಕೋಟು ಬ್ಯಾಂಡಿಂದು, ನಿಂದಲ್ಲ" ಎನ್ನುವುದು ಅವರ ಮಾತು.

ದೇವದುರ್ಗದ ಮುದುಕನೊಬ್ಬ ಮೊದಲ ದಿನದಿಂದಲೂ ಅವರ ಜೊತೆ ಢೋಲು ಬಾರಿಸುತ್ತಿದ್ದ. ಮಾನ್ವಿಯ ಒಂದು ಮೆರವಣಿಗೆಯಲ್ಲಿ ಅವನ ಕೈ ನಡುಗಿ ತಾಳ ತಪ್ಪಿತು. ಕುಣಿಯುವವರ ನಡುವೆಯೇ ಮಾಸ್ತರರು ಕೋಟು ಕೇಳಿದರು.

"ಮನಿಗೆ ಹೋಗಿ ಕೊಡ್ತೀನ್ರಿ ಮಾಸ್ತರ, ಒಳಗ ಅಂಗಿ ಇಲ್ರಿ."

"ಕೋಟು ಬ್ಯಾಂಡಿಂದು, ನಿಂದಲ್ಲ."

ಮುದುಕ ಗುಂಡಿ ಬಿಚ್ಚಿ ಕೊಟ್ಟು, ಬರಿಮೈಯಲ್ಲಿ ಬಸ್ ನಿಲ್ದಾಣದ ಕಡೆ ನಡೆದ. ನಾನು ಆ ದಿಬ್ಬಣದಲ್ಲಿದ್ದೆ.

ಎಂಬತ್ತರ ದಶಕದಲ್ಲಿ ಹುಡುಗರು ಡಿಸ್ಕೊ ಕೇಳತೊಡಗಿದರು. ಅಷ್ಟರಲ್ಲಿ ಬ್ಯಾಂಡಿನ ವ್ಯವಹಾರ ಮಾಸ್ತರರ ಅಳಿಯನ ಕೈಗೆ ಬಂದಿತ್ತು. ಅವನು ಕೀಬೋರ್ಡು ತಂದ, ನುಡಿಸುವವನನ್ನೂ ತಂದ. ಕ್ಲಾರಿನೆಟ್ಟು ಬೇಡವೆಂದ.

ಮರುದಿನ ಮಾಸ್ತರರು ತಮ್ಮ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಅಂಗಡಿಗೆ ಬಂದರು.

"ತಗೋಪಾ, ಹೊಸಬಗ ಹಿಡಿಸ್ತದೇನ್ ನೋಡು."

ಅಳಿಯ ನಕ್ಕ. "ಇಂಥಾ ಕೋಟು ಈಗ ಯಾರ್ ಹಾಕ್ಕೊಂತಾರ್ರೀ ಮಾವಾರ? ನೀವ ಇಟ್ಕೋರಿ."

"ಬ್ಯಾಂಡಿಂದೋ ಅದು," ಎಂದರು ಮಾಸ್ತರರು.

ಅಳಿಯ ವೈರು ಜೋಡಿಸತೊಡಗಿದ. ಉಳಿದ ಎಂಟು ಕೋಟುಗಳನ್ನು ಧೂಳು ಕೂರದಂತೆ ಸ್ಪೀಕರುಗಳಿಗೆ ಹೊದಿಸಲಾಗಿತ್ತು. ಒಂದು ಸ್ಪೀಕರು ಮಾತ್ರ ಖಾಲಿಯಿತ್ತು. ಮಾಸ್ತರರು ತಮ್ಮ ಕೋಟನ್ನು ಅದಕ್ಕೆ ತೊಡಿಸಿ, ಗುಂಡಿಗಳನ್ನೆಲ್ಲ ಹಾಕಿ, ಹೊರಗೆ ಬಂದರು.