ಎರಡು ಪಾಯಿಂಟ್ ಸೂಜಿ

ನಮ್ಮ ಬೆಕ್ಕಿಗೆ ಶುಗರ್ ಎಂದು ಹಾಸನದ ಡಾಕ್ಟರು ಹೇಳಿದ ದಿನ ನಾನು ಅವರ ಮೇಲೇ ರೇಗಿದೆ. ಹನ್ನೆರಡು ವರ್ಷದ ಗಂಡು ಬೆಕ್ಕು. ಅಂಗೈಯಗಲದ ಮರಿಯಾಗಿದ್ದಾಗ ಹೊಳೆನರಸೀಪುರದ ನಮ್ಮ ಮನೆ ಸೇರಿ ನಮ್ಮ ಕಣ್ಣೆದುರೇ ಬೆಳೆದದ್ದು. ಒಂದು ದಿನವೂ ಲಾಡು ಮೂಸಿದ್ದಿಲ್ಲ, ಪಾಯಸ ನೆಕ್ಕಿದ್ದಿಲ್ಲ. ಅದಕ್ಕೆ ಶುಗರ್ ಎಲ್ಲಿಂದ ಬರಬೇಕು, ಯಾವುದೋ ನಾಯಿಯ ರಕ್ತದ ಜೊತೆ ಅದಲುಬದಲಾಗಿರಬೇಕು, ಇನ್ನೊಮ್ಮೆ ನೋಡಿ ಎಂದೆ. ಡಾಕ್ಟರು ನನಗಿಂತ ಬಹಳ ಚಿಕ್ಕವರು, ತಾಳ್ಮೆಯ ಹೆಣ್ಣುಮಗಳು. ನನ್ನೆದುರಿಗೇ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿ ತೋರಿಸಿದರು.

"ತಿನ್ನೋಕೆ ಏನು ಹಾಕ್ತೀರಾ ಮೇಡಂ?"

"ಹಾಲು ಅನ್ನ."

"ಮತ್ತೆ?"

"ಮತ್ತೇನು, ಹಾಲು ಅನ್ನ. ಬೇಸಿಗೇಲಿ ಮೊಸರನ್ನ."

ನಾವು ಲಿಂಗ ಕಟ್ಟುವ ಮನೆಯವರು. ಮೊಟ್ಟೆಯ ಸಿಪ್ಪೆ ಕೂಡ ನಮ್ಮ ಹೊಸಿಲು ದಾಟಿದ್ದಿಲ್ಲ. ಬೆಕ್ಕು ಹಿತ್ತಲಲ್ಲಿ ಇಲಿ ಹಿಡಿಯುತ್ತಿತ್ತೋ ಏನೋ, ಅದು ಅದರ ಸ್ವಂತ ವ್ಯವಹಾರ, ನಾವು ಕೇಳಿದವರಲ್ಲ. ಬೆಕ್ಕಿನ ಜಾತಿಗೆ ಅಷ್ಟೊಂದು ಅನ್ನವೇ ಸಕ್ಕರೆಯ ಹಾಗೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಎರಡು ಮೂರು ತಿಂಗಳಿಂದ ಅದು ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿತ್ತು. ಮೈ ಇಳಿದು ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಸೊರಗಿದೆ ಪಾಪ ಎಂದು ನಾನು ಇನ್ನೊಂದು ಹಿಡಿ ಅನ್ನ ಜಾಸ್ತಿ ಕಲಸುತ್ತಿದ್ದೆ. ತಪ್ಪು ನನ್ನದೇ ಎಂದು ಆವತ್ತು ಅನ್ನಿಸಿದ್ದು ಇವತ್ತಿಗೂ ಹೋಗಿಲ್ಲ.

ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ, ಸಿರಿಂಜಿನ ಎರಡು ಗೆರೆಯಷ್ಟು, ಎರಡು ಪಾಯಿಂಟ್ ಇನ್ಸುಲಿನ್. ಅನ್ನ ಹಾಲು ಬಂದ್, ಇನ್ನು ಮೇಲೆ ಮೊಟ್ಟೆ, ಕೋಳಿ. ಆಮೇಲೆ ಡಾಕ್ಟರು ಒಂದು ಮಾತನ್ನು ಚೀಟಿಯಲ್ಲಿ ಬರೆದು ಅದರಡಿ ಎರಡು ಗೆರೆ ಎಳೆದರು. "ಹೊಟ್ಟೆಗೆ ಬಿದ್ದ ಮೇಲೇ ಸೂಜಿ. ತಿನ್ನದೇ ಇರೋ ಬೆಕ್ಕಿಗೆ ಚುಚ್ಚಿದ್ರೆ ಸಕ್ಕರೆ ಪೂರ್ತಿ ಇಳಿದುಹೋಗುತ್ತೆ. ಆಮೇಲೆ ಉಳಿಸೋದು ಕಷ್ಟ ಮೇಡಂ."

ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ, ಗಂಡನ ತಾಯಿ. ಗಂಡನದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾರೆ. ನಾನು ಅರಕಲಗೂಡಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಹಗಲೆಲ್ಲ ಮನೆಯಲ್ಲಿರುವುದು ಅತ್ತೆ ಮತ್ತು ಬೆಕ್ಕು. ಸುದ್ದಿ ಕೇಳಿ ಅತ್ತೆ ಮೊದಲು ನಕ್ಕರು. "ಬೆಕ್ಕಿಗೂ ಸಕ್ಕರೆ ಕಾಯ್ಲೆಯಾ? ಇನ್ನೇನೇನು ನೋಡ್ಬೇಕೋ." ಮೊಟ್ಟೆಯ ಮಾತು ಬಂದೊಡನೆ ನಗು ನಿಂತಿತು. ಎರಡು ದಿನ ನನ್ನ ಜೊತೆ ಮಾತೇ ಇಲ್ಲ. ಮೂರನೆಯ ದಿನ ತಾವೇ ತೀರ್ಪು ಕೊಟ್ಟರು.

"ಬಚ್ಚಲೊಲೇಲಿ ಬೇಯ್ಸ್ಕೋ. ಆ ಪಾತ್ರೆ ಒಳೀಕೆ ತರಬ್ಯಾಡ. ನಾನಂತೂ ಮುಟ್ಟಾಕಿಲ್ಲ ಕಣೆ."

ಒಂದು ವಾರ ಮುಟ್ಟಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಸ್ನಾನಕ್ಕೆ ಮುಂಚೆ ಮೂಗಿಗೆ ಸೆರಗು ಕಟ್ಟಿಕೊಂಡು ಬಚ್ಚಲ ಹಿಂದೆ ಕೂತು ಮೊಟ್ಟೆ ಸುಲಿಯುತ್ತಿದ್ದಾರೆ. ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ ತಟ್ಟೆಗೆ ಹಾಕಿ, "ನೀನು ದಪ್ಪ ದಪ್ಪ ಮುರೀತೀಯ. ಅದ್ಕೆ ಹಲ್ಲೆಲ್ಲಿ ಅವೆ?" ಎಂದು ನನ್ನನ್ನೇ ಬೈದರು. ಅಂದಿನಿಂದ ಬೆಳಗಿನ ತಟ್ಟೆ ಅವರದು, ಸೂಜಿ ನನ್ನದು. ಅವರು ತಟ್ಟೆ ಇಟ್ಟು ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು. ನಾನು ಹೋಗಿ ತಟ್ಟೆ ಖಾಲಿಯಾಗಿದೆಯಾ ಎಂದು ಕಣ್ಣಾರೆ ನೋಡಿ, ಆಮೇಲೆ ಕತ್ತಿನ ಹಿಂದಿನ ಚರ್ಮ ಎತ್ತಿ ಚುಚ್ಚುತ್ತಿದ್ದೆ. ಮೊದಮೊದಲು ಅಭ್ಯಾಸವಿಲ್ಲದೆ ಒಮ್ಮೆ ಸೂಜಿ ಚರ್ಮದ ಆಚೆ ಬಂದು ನನ್ನ ಹೆಬ್ಬೆರಳಿಗೇ ನಾಟಿತ್ತು.

ಕಚೇರಿಯಲ್ಲಿ ಇದು ದೊಡ್ಡ ತಮಾಷೆಯಾಯಿತು. "ಏನ್ ಮೇಡಂ, ಬೆಕ್ಕು ವಾಕಿಂಗ್ ಹೋಗ್ತದಾ?" ಎಂದು ಪಕ್ಕದ ಮೇಜಿನವರು ದಿನಾ ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಮಾತ್ರ ದಿನವಿಡೀ ಒಂದೇ ಯೋಚನೆ. ಸಂಜೆ ಏಳಕ್ಕೆ ಮನೆ ಸೇರಬೇಕು, ಅದು ತಿನ್ನಬೇಕು. ತಿನ್ನದಿದ್ದರೆ? ಮೊಟ್ಟೆ ಅದಕ್ಕೆ ಇಷ್ಟವೇ ಇರಲಿಲ್ಲ. ಹನ್ನೆರಡು ವರ್ಷ ಹಾಲು ಅನ್ನ ಉಂಡ ಬಾಯಿ, ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅದು ತಿನ್ನುವ ಒಂದೊಂದು ತುತ್ತನ್ನೂ ನಾನು ಎಣಿಸುತ್ತ ಕೂರುತ್ತಿದ್ದೆ.

ತಪ್ಪಾದ ದಿನ ಕಚೇರಿಗೆ ತಪಾಸಣೆಯವರು ಬರುವವರಿದ್ದರು. ಎಂಟು ಗಂಟೆಯ ಬಸ್ಸು ತಪ್ಪುವಂತಿರಲಿಲ್ಲ. ಎದ್ದದ್ದೇ ತಡವಾಗಿ, ಸೀರೆಯ ನೆರಿಗೆ ಕೈಯಲ್ಲಿ, ಬಾಯಲ್ಲಿ ಪಿನ್ನು. ಬಚ್ಚಲ ಹಿಂದೆ ಹೋಗಿ ತಟ್ಟೆ ನೋಡಿ ಬರಲು ಒಂದು ನಿಮಿಷ ಸಾಕಾಗಿತ್ತು. ನಾನು ಹೋಗಲಿಲ್ಲ. ರೂಮಿನಿಂದಲೇ ಕೂಗಿ ಕೇಳಿದೆ.

"ಅತ್ತೆ, ತಿಂಡಿ ಆಯ್ತಾ?"

ಪೂಜೆ ಮುಗಿಸಿ ಎದ್ದಿದ್ದ ಅತ್ತೆ ನಡುಮನೆಯಿಂದ, "ಆಯ್ತು ಕಣವ್ವ, ಆಯ್ತು" ಎಂದರು.

ಬೆಕ್ಕು ಕಿಟಕಿಯ ಹತ್ತಿರ ಬಿಸಿಲಿಗೆ ಕೂತಿತ್ತು. ಎರಡು ಪಾಯಿಂಟ್ ಎಳೆದು ಚುಚ್ಚಿ, ತಲೆ ಸವರಿ, ಓಡಿದೆ.

ಹತ್ತೂಕಾಲಿಗೆ ಫೋನು ಬಂತು. ತಪಾಸಣೆಯವರು ಇನ್ನೂ ಬಂದಿರಲಿಲ್ಲ.

"ಇದ್ಯಾಕೋ ಬೆಕ್ಕು ಓಲಾಡ್ತದೆ ಕಣೆ" ಎಂದರು ಅತ್ತೆ. "ನಿಂತ್ಕಳಕೇ ಆಗ್ತಿಲ್ಲ. ಗ್ವಾಡೆಗೆ ಓಗಿ ಓಗಿ ತಲೆ ಕೊಡ್ತದೆ."

"ಬೆಳಿಗ್ಗೆ ಎಷ್ಟು ತಿಂತು?"

"ಎಲ್ಲಿ ತಿಂತು? ಮೂಸ್ಬುಟ್ಟು ಓಯ್ತು. ತಟ್ಟೇಲಿ ಅಂಗೇ ಐತೆ."

"ಆಯ್ತು ಅಂದ್ರಲ್ಲ ಅತ್ತೆ" ಎಂದೆ. ಜಗಳಕ್ಕೆ ಹೊತ್ತಿರಲಿಲ್ಲ. ಇಂಥ ಹೊತ್ತಿಗೆಂದು ಡಾಕ್ಟರು ಹೇಳಿಕೊಟ್ಟಿದ್ದು ನೆನಪಿತ್ತು. "ಬೆಲ್ಲ ತಗೊಳ್ಳಿ, ಬೆಲ್ಲ. ನೀರಲ್ಲಿ ಗಟ್ಟಿಯಾಗಿ ಕದಡಿ, ಬೆರಳಲ್ಲಿ ಅದರ ವಸಡಿಗೆ ತಿಕ್ಕಿ. ಗಂಟಲಿಗೆ ಹುಯ್ಯಬೇಡಿ. ಈಗಲೇ."

"ಸಕ್ಕರೆ ಕಾಯ್ಲೆ ಬೆಕ್ಕಿಗೆ ಬೆಲ್ಲವಾ? ಬುದ್ಧಿ ಐತಾ ನಿಂಗೆ? ಒಂದೇ ಸಲ ಸಾಯ್ಲಿ ಅಂತವಾ?"

"ಅತ್ತೆ, ನಾನು ಹೇಳಿದಷ್ಟು ಮಾಡಿ."

"ಡಾಕ್ಟ್ರೇ ಸಿಹಿ ಮುಟ್ಟಿಸ್ಬ್ಯಾಡಿ ಅಂದವ್ರೆ ಅಂತ ನೀನೇ ಏಳಿದ್ದು."

ಇಡೀ ಕಚೇರಿ ಕೇಳುವಂತೆ ಕಿರುಚಿದೆ. ಹಾಕಿದ ಸೂಜಿ ಸಕ್ಕರೆಯನ್ನೆಲ್ಲ ತಿಂದುಹಾಕಿದೆ, ಈಗ ಬೆಲ್ಲ ಕೊಡದಿದ್ದರೆ ಬೆಕ್ಕು ಸಾಯುತ್ತದೆ ಎಂದೆ. ಅತ್ತೆ ಫೋನಿಟ್ಟರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಬೆಕ್ಕಿನ ತಮಾಷೆ ಮಾಡುತ್ತಿದ್ದ ಅದೇ ಪಕ್ಕದ ಮೇಜಿನವರು ಎದ್ದು ಬಂದು, "ಹೋಗಿ ಮೇಡಂ, ಇಲ್ಲಿ ನಾನು ನೋಡ್ಕೋತೀನಿ" ಎಂದು ನನ್ನ ಕೈಗೆ ಬ್ಯಾಗು ಕೊಟ್ಟರು.

ಬಸ್ಸೇನೋ ಸಿಕ್ಕಿತು. ಹೊರಟ ಹತ್ತು ನಿಮಿಷಕ್ಕೆ ಒಂದು ಊರಿನ ಗೇಟಿನಲ್ಲಿ ನಿಂತು ಶುಂಠಿ ಮೂಟೆ ಹತ್ತಿಸಿಕೊಳ್ಳತೊಡಗಿತು. ಒಂದು ಮೂಟೆ, ಎರಡು ಮೂಟೆ. ಐದನೆಯ ಮೂಟೆಗೆ ನನಗೆ ತಡೆಯಲಾಗದೆ ಕಂಡಕ್ಟರಿಗೆ ಬಾಯಿಗೆ ಬಂದದ್ದು ಅಂದೆ. "ಯಾರಿಗೇನಾಗದೆ ಅಕ್ಕ?" ಎಂದು ಆತ ಮೆತ್ತಗೆ ಕೇಳಿದ. ಬೆಕ್ಕಿಗೆ ಎನ್ನಲು ನಾಲಿಗೆ ಏಳಲಿಲ್ಲ. "ಮನೇಲಿ ಸೀರಿಯಸ್ಸು" ಎಂದೆ. ಉಳಿದ ಮೂಟೆಗಳನ್ನು ಬಿಟ್ಟು ಆತ ಸೀಟಿ ಊದಿದ.

ಅಲ್ಲಿಂದ ಮನೆ ಸೇರುವವರೆಗೂ ಫೋನ್ ಮಾಡುತ್ತಲೇ ಇದ್ದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಹಾಸನದ ಡಾಕ್ಟರು ಎತ್ತಿದರು. ಬೆಲ್ಲ ತಿಕ್ಕಿದ್ದರೆ ಒಳ್ಳೆಯದು, ಹಾಸನದವರೆಗೆ ತರುತ್ತಾ ಕೂರಬೇಡಿ, ಹತ್ತಿರ ಇರುವ ದನದ ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಹಾಕಿಸಿ ಎಂದರು. ತಿಕ್ಕಿದ್ದಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಒಂದು ತಟ್ಟೆ ನೋಡಿ ಇದ್ದದ್ದು ಇದ್ದಂತೆ ಹೇಳಲಾಗಲಿಲ್ಲವೇ? ಪೀಡೆ ತೊಲಗಲಿ ಎಂದು ಏನೋ ಒಂದು ಅಂದುಬಿಟ್ಟರೇ? ಒಳಗೊಳಗೇ ಅವರಿಗೆ ಮೊಟ್ಟೆಯ ಸಿಟ್ಟು ಹೋಗಿಲ್ಲ ಎಂಬಲ್ಲಿವರೆಗೂ ಯೋಚಿಸಿದೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ.

ಮನೆಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. ಅತ್ತೆಯ ಫೋನು ನಡುಮನೆಯ ನೆಲದ ಮೇಲೆ, ಅದರ ತುಂಬ ಬೆಲ್ಲದ ಅಂಟು. ಬೆಲ್ಲದ ನೀರಿನ ಲೋಟ ಉರುಳಿ ಬಿದ್ದಿತ್ತು. ಬೆಕ್ಕು ಎಲ್ಲೂ ಇಲ್ಲ. ಎದುರುಮನೆಯಾಕೆ ಗೇಟಿಗೆ ಬಂದು, "ಅಮ್ಮ ಬೆಕ್ಕು ಎತ್ಕಂಡು ಆಟೋದಲ್ಲಿ ದನದಾಸ್ಪತ್ರೆಗೆ ಓದ್ರು. ಕಾಲ್ಗೆ ಚಪ್ಲಿನೂ ಆಕ್ಕಳ್ನಿಲ್ಲ" ಎಂದಳು. ಬೆಕ್ಕು ಉಸಿರಾಡುತ್ತಿತ್ತಾ ಎಂದು ಅವಳನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

ದನದ ಆಸ್ಪತ್ರೆಯ ಜಗಲಿಯಲ್ಲಿ ಅತ್ತೆ ಕಂಬಕ್ಕೊರಗಿ ಕೂತಿದ್ದರು. ಮಡಿಲಲ್ಲಿ ಬೆಕ್ಕು, ಅವರು ಪೂಜೆಗೆ ಹೊದೆಯುವ ಶಾಲಿನಲ್ಲಿ ಸುತ್ತಿದ್ದು. ಮುಂಗಾಲಿಗೆ ಡ್ರಿಪ್ಪಿನ ಪಟ್ಟಿ. ಬಾಟಲಿಯನ್ನು ಮೇಲೆ ಕಿಟಕಿಯ ಸರಳಿಗೆ ಕಟ್ಟಿದ್ದರು. ಅತ್ತೆಯ ತೋರುಬೆರಳು ಎರಡು ಕಡೆ ಕಚ್ಚಿಸಿಕೊಂಡು ಊದಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಬೆಕ್ಕು ಕಣ್ಣು ಬಿಟ್ಟಿತ್ತು. ನನ್ನನ್ನು ನೋಡಿ ಕಿವಿ ಅಲುಗಿಸಿತು.

ಅಲ್ಲಿನ ಡಾಕ್ಟರು ಒಳಗಿಂದ ಬಂದರು. "ಬರೋ ಹೊತ್ತಿಗೆ ಸೆಳೆತ ಶುರುವಾಗಿತ್ತು. ದಾರಿಯುದ್ದಕ್ಕೂ ಅಮ್ಮ ಬೆಲ್ಲ ತಿಕ್ಕಿದ್ದಕ್ಕೆ ಉಳೀತು. ಇನ್ನು ಪರವಾಗಿಲ್ಲ. ಡ್ರಿಪ್ ಮುಗೀಲಿ. ಅಮ್ಮಂಗೂ ಒಂದು ಇಂಜೆಕ್ಷನ್ ಹಾಕ್ಸಿ, ಬೆಕ್ಕು ಕಚ್ಚಿದೆ" ಎಂದರು.

ನನಗೆ ಸಮಾಧಾನವಾಗಬೇಕಿತ್ತು. ಬಂದದ್ದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಸಿಟ್ಟು.

"ತಿಂದಿಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ತಿಂಡಿ ಆಯ್ತಾ ಅಂತ ಕೇಳಿದ್ದಕ್ಕೆ ಆಯ್ತು ಅಂದುಬಿಟ್ರಿ. ಕೊಂದೇಬಿಡ್ತಿದ್ರಲ್ಲ ಅದನ್ನ."

ಅಂಗಳದಲ್ಲಿ ಕರು ಹಿಡಿದು ನಿಂತಿದ್ದವರು ತಿರುಗಿ ನೋಡಿದರು. ಅತ್ತೆ ಬೆಕ್ಕಿನ ತಲೆಯ ಮೇಲಿನ ಕೈ ತೆಗೆಯಲಿಲ್ಲ. ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ಯಾರಿಗೂ ಬಾಕಿ ಉಳಿಸಿಕೊಳ್ಳುವವರಲ್ಲ. ಬೈಯಲಿಲ್ಲ.

"ನನ್ನ ಕೇಳ್ದೆ ಅನ್ಕಂಡೆ ಕಣವ್ವ" ಎಂದರು.

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಇದ್ಕೆ ಕಾಯ್ಲೆ ಬಂದಾಗ್ಲಿಂದ ನೀನು ನನ್ನ ತಿಂಡಿ ಆಯ್ತಾ ಅಂತ ಕೇಳೇ ಇರ್ನಿಲ್ಲ. ಇವತ್ತು ಕೇಳ್ದೆ ಅನ್ಕಂಡೆ. ಬಸ್ಸಿಗೆ ಓಗೋಳ್ನ ಇನ್ಯಾಕೆ ನಿಲ್ಸದು ಅಂತ ಆಯ್ತು ಅಂದ್ಬುಟ್ಟೆ."

ಜಗಲಿಯ ಮೇಲೆ ಅವರ ಪಕ್ಕ ಕೂತೆ. "ಹಾಗಾದ್ರೆ ನೀವು ತಿಂದಿರ್ಲಿಲ್ವಾ?" ಎಂದೆ.

"ಎಲ್ಲಿ" ಎಂದರು.

ಆಗ ಗಂಟೆ ಒಂದಾಗುತ್ತ ಬಂದಿತ್ತು.