ಆಲ್ವೀನಾ ಮತ್ತು ಕೆಂಪು ಮುಳ್ಳು

ಆಲ್ವೀನಾಳ ತುಟಿಯ ಬಲ ಅಂಚಿನಲ್ಲಿ ಗುಳ್ಳೆಗಳು ಐದನೆಯ ಸಲ ಎದ್ದದ್ದು ಜನವರಿಯ ಒಂದು ಬುಧವಾರ. ಮಾರನೆಯ ದಿನ ಅವಳು ರ‍್ಯಾಪಿಡ್ ಸಿಟಿಯ ಆಸ್ಪತ್ರೆಗೆ ಹೋಗಿ, ತಿಂಗಳು ತುಂಬುವ ಮೊದಲೇ ಹುಟ್ಟಿ ಆರು ವಾರವಾದ ಮೊಮ್ಮಗಳನ್ನು ಮೊದಲ ಬಾರಿ ಎತ್ತಿಕೊಳ್ಳಬೇಕಿತ್ತು. ಹೊಸ ಶಾಲು ಕುರ್ಚಿಯ ಮೇಲಿತ್ತು. ಬೆಳಗ್ಗೆ ಮುಖ ತೊಳೆಯುವಾಗ ಅದೇ ಹಳೆಯ ತುರಿಕೆ, ಮಧ್ಯಾಹ್ನಕ್ಕೆ ಉರಿ, ಸಂಜೆಗೆ ಸಾಸಿವೆ ಚೆಲ್ಲಿದಂತೆ ಕೆಂಪು ಗುಳ್ಳೆಗಳ ಗುಂಪು. ಇನ್ನು ನಾಲ್ಕು ದಿನಕ್ಕೆ ಒಡೆಯುತ್ತವೆ, ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಉದುರಿದ ಮೇಲೆ ಕಂದು ಕಲೆ ಉಳಿಯುತ್ತದೆ. ಅದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಮಗಳು ಜೋಲೀನ್‌ಗೆ ಫೋನ್ ಮಾಡಿದಳು. ಮುಚ್ಚಿಟ್ಟು ಹೋಗಬಹುದಿತ್ತು. ಮುಚ್ಚಿಡಲಿಲ್ಲ.

"ಮತ್ತೆ ಬಂತಾ?"

"ಸಣ್ಣದು ಕಣೇ. ಮಾಸ್ಕ್ ಹಾಕ್ಕೊಂಡು ಗಾಜಿನಾಚೆ ನಿಂತ್ಕೋತೀನಿ."

"ಬೇಡಮ್ಮ. ಅವಳಿನ್ನೂ ನಾಲ್ಕು ಪೌಂಡೂ ಇಲ್ಲ. ನಿಂದು ಆ ತುಟಿ ಹುಣ್ಣಿನ ವೈರಸ್ಸೇ ಆಗಿದ್ರೆ, ಅದು ಅವಳಿಗೆ ತಗುಲಿದ್ರೆ, ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಏನು ಅಂತ ಗೊತ್ತಾಗೋವರೆಗೂ ಬರ‍್ಬೇಡ." ಆಚೆ ಕಡೆ ಜೋಲೀನ್ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಹೀಗನ್ನೋಕೆ ನಂಗೇನು ಖುಷಿನಾ?"

"ಗೊತ್ತು ಮಗಾ. ಸರಿಯಾಗೇ ಹೇಳ್ದೆ," ಎಂದು ಆಲ್ವೀನಾ ಫೋನಿಟ್ಟಳು.

ಅವಳಿಗೆ ಅರವತ್ತೇಳು. ಆಗಸ್ಟಿನ ಕೊನೆಯಲ್ಲಿ ಹೃದಯದ ವೈದ್ಯರು ಚಿತ್ರ ತೋರಿಸಿ, ನಿನ್ನ ಗುಂಡಿಗೆ ಅರ್ಧ ಕೆಲಸವನ್ನೂ ಮಾಡುತ್ತಿಲ್ಲ, ವಸಂತಕ್ಕೆ ಹುಲ್ಲು ಹಸಿರಾಗುವುದನ್ನು ನೋಡಲು ಉಳಿದರೆ ಸಂತೋಷ ಎಂದಿದ್ದರು. ಆ ಮಾತು ಜೋಲೀನ್‌ಗೆ ಗೊತ್ತಿರಲಿಲ್ಲ. ಬಸುರಿಗೆ ಹೇಳಬಾರದು ಎಂದು ಮೊದಲು, ಆಸ್ಪತ್ರೆಯಲ್ಲಿ ಕೂತವಳಿಗೆ ಹೇಳಬಾರದು ಎಂದು ಆಮೇಲೆ. ಗೊತ್ತಿದ್ದದ್ದು ನಾದಿನಿ ಲೋರ್ನಾಗೆ ಮಾತ್ರ. ಲೋರ್ನಾ ಆಲ್ವೀನಾಳ ಸತ್ತ ಗಂಡನ ತಂಗಿ. ಮೂವತ್ತೈದು ವರ್ಷ ಒಂದೇ ಬೀದಿಯಲ್ಲಿ ಬಾಳಿ, ಆ ಸಂಬಂಧಕ್ಕಿಂತ ಹೆಚ್ಚಿನವಳಾಗಿದ್ದಳು.

ನಲವತ್ತು ಮೈಲಿ ದೂರದ ಕ್ಲಿನಿಕ್ಕಿನಲ್ಲಿ ವೈರಸ್ಸಿನ ಮಾತ್ರೆ ಎರಡು ಸಲ ಕೊಟ್ಟಿದ್ದರು. ಎರಡು ಸಲವೂ ಗುಳ್ಳೆ ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಯಿತು. ಹತ್ತಿಯಿಂದ ಹುಣ್ಣು ಒರೆಸಿ ಪರೀಕ್ಷೆಗೂ ಕಳಿಸಿದ್ದರು. ಹಿಮ ಸರಿದು ದಾರಿ ತೆರೆಯುವಷ್ಟರಲ್ಲಿ ಹುಣ್ಣು ಒಣಗಿದ್ದರಿಂದ ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ ಎಂದರು.

ಹಾಗಾಗಿ ಆಲ್ವೀನಾ ತಾನೇ ಹುಡುಕತೊಡಗಿದ್ದಳು. ಫ್ರಿಜ್ಜಿನ ಬಾಗಿಲಿನ ಕ್ಯಾಲೆಂಡರಿನಲ್ಲಿ ಗುಳ್ಳೆ ಎದ್ದ ದಿನಗಳಿಗೆ ಸುತ್ತು ಹಾಕಿ, ಒಂದೊಂದನ್ನೇ ಬಿಟ್ಟು ನೋಡಿದಳು. ಟೂತ್‌ಪೇಸ್ಟ್ ಬಿಟ್ಟು ಉಪ್ಪಿನಲ್ಲಿ ತಿಕ್ಕಿದಳು. ತುಟಿಯ ಮುಲಾಮು ಒಲೆಗೆ ಹೋಯಿತು. ಡಬ್ಬಿಯ ಟೊಮೇಟೊ ಬಿಟ್ಟಳು. ಕೊನೆಗೆ ಕಾಫಿಯನ್ನೂ ಬಿಟ್ಟು ಮೂರು ದಿನ ತಲೆನೋವಿನಲ್ಲಿ ಬಿದ್ದುಕೊಂಡಳು.

"ಅತ್ತಿಗೆ, ಎಲ್ಲ ಬಿಟ್ಟೆ ಸರಿ," ಎಂದಳು ಲೋರ್ನಾ, ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ. "ಆ ಪೆಟ್ರೋಲ್ ಬಂಕಿನ ಮುದುಕನ್ನ ಬಿಟ್ಟು ನೋಡಿದ್ಯಾ? ಅವನ ಮೀಸೆ ಚುಚ್ಚಿರಬೇಕು."

"ಅವನಿಗೆ ಹಲ್ಲೇ ಇಲ್ಲ, ಇನ್ನು ಮೀಸೆ! ನಿನ್ನ ಹಳೇ ಗಿರಾಕಿನ ನಂಗೆ ಅಂಟಿಸ್ಬೇಡ."

ಇಬ್ಬರೂ ನಕ್ಕರು. ನಗುವಾಗ ಆಲ್ವೀನಾಳ ತುಟಿ ಬಿರಿದು ರಕ್ತ ಬಂತು. ಅವಳು ಕೈಯಡ್ಡ ಹಿಡಿದು ಗೋಡೆಯ ಕಡೆ ತಿರುಗಿ, "ಲೋರ್ನಾ, ನಾನು ಆ ಕೂಸನ್ನ ಮುಟ್ಟದೇ ಹೋಗ್ಬಿಡ್ತೀನಿ ಕಣೆ," ಎಂದಳು.

ಕೂಸನ್ನು ಮುಟ್ಟಲಾಗದವಳು ಕೂಸಿನ ಟೋಪಿಯನ್ನು ಮುಟ್ಟುತ್ತಿದ್ದಳು. ಜೋಲೀನ್ ಬಸುರಿಯೆಂದು ತಿಳಿದ ತಿಂಗಳೇ ಜಿಂಕೆಯ ತೊಗಲು ಕತ್ತರಿಸಿ, ಅಮೆರಿಕದ ಮೂಲನಿವಾಸಿಗಳಾದ ತನ್ನ ಜನರ ಹಳೆಯ ಕಸುಬಾದ ಮುಳ್ಳುಹಂದಿಯ ಮುಳ್ಳಿನ ಕಸೂತಿ ಶುರು ಮಾಡಿದ್ದಳು. ಬಿಳಿ ಹಿನ್ನೆಲೆ, ನಡುವೆ ಎಂಟು ಮೂಲೆಯ ಕೆಂಪು ಬೆಳ್ಳಿಚುಕ್ಕಿ. ಮುಳ್ಳು ಒಣಗಿದ್ದರೆ ಮುರಿಯುತ್ತದೆ. ಒಂದು ಹಿಡಿ ಮುಳ್ಳನ್ನು ದವಡೆಯಲ್ಲಿಟ್ಟು ನೆನೆಸಿ, ಒಂದೊಂದನ್ನೇ ತುಟಿಯಂಚಿನಿಂದ ಎಳೆದು ಹಲ್ಲಿನಲ್ಲಿ ಚಪ್ಪಟೆ ಮಾಡಿ ಹೊಲಿಯಬೇಕು. ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳು. ಬಟ್ಟಲಿನ ನೀರು ಆರುತ್ತದೆ, ಬಾಯಿ ಆರುವುದಿಲ್ಲ ಎನ್ನುತ್ತಿದ್ದಳು. ಐವತ್ತು ವರ್ಷ ಆಲ್ವೀನಾ ಬಲ ದವಡೆಯಲ್ಲಿ ಮುಳ್ಳು ಇಟ್ಟುಕೊಂಡೇ ಮಾತಾಡಿದ್ದಳು, ಮಗಳನ್ನು ಗದರಿದ್ದಳು, ಗಂಡನನ್ನು ಮಣ್ಣು ಮಾಡಿದ ವಾರ ಅತ್ತಿದ್ದಳು. ಬಿಡಬೇಕಾದವುಗಳ ಪಟ್ಟಿಯಲ್ಲಿ ಅದು ಬರಲೇ ಇಲ್ಲ.

ಐದನೆಯ ಸಲದ ಗುಳ್ಳೆ ಆರುವ ಮೊದಲೇ ಸೋದರಸಂಬಂಧಿಯೊಬ್ಬ ತೀರಿಕೊಂಡ. ಆಲ್ವೀನಾ ಮೊದಲು ಸಮುದಾಯ ಭವನದ ಅಡುಗೆಮನೆಯಲ್ಲಿ ಕೂತು ರೊಟ್ಟಿಗೆ ಹಿಟ್ಟು ನಾದಿದಳು, ಆಮೇಲೆ ಸುಸ್ತಾಗಿ ಹಾಸಿಗೆ ಹಿಡಿದಳು. ಎರಡು ವಾರ ಕಸೂತಿ ಮುಟ್ಟಲಿಲ್ಲ. ತುಟಿ ತಿಳಿಯಾಯಿತು. ಜೋಲೀನ್ ತಾನೇ ಫೋನ್ ಮಾಡಿದಳು. "ಈ ಸಲ ಬಂದೇ ಬಿಡಮ್ಮ. ಶುಕ್ರವಾರ. ನರ್ಸ್ ಹೂಂ ಅಂದಿದಾರೆ."

ಮಂಗಳವಾರ ಆಲ್ವೀನಾ ಟೋಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟು ಉಳಿದಿದೆ ಎಂದು ನೋಡಿದಳು. ಬಿಳಿಯೆಲ್ಲ ಮುಗಿದಿತ್ತು. ಚುಕ್ಕಿಯ ಎಂಟು ಮೂಲೆಗಳಲ್ಲಿ ಐದು ಕೆಂಪಾಗಿದ್ದವು. ಒಂದು ಮೂಲೆ ಹೊಲಿಯುವುದು, ಗುಳ್ಳೆ ಎದ್ದು ಕೆಲಸ ನಿಲ್ಲಿಸುವುದು, ಆರಿದ ಮೇಲೆ ಮತ್ತೊಂದಕ್ಕೆ ಕೈ ಹಾಕುವುದು. ಅವಳು ಎದ್ದು ಹೋಗಿ ಕ್ಯಾಲೆಂಡರ್ ನೋಡಿದಳು. ಐದು ಸುತ್ತು.

ಕೆಂಪು ಬಣ್ಣದ ಪೊಟ್ಟಣ ಹೊಸದು. ಅವಳು ಯಾವಾಗಲೂ ಕೊಳ್ಳುತ್ತಿದ್ದ ಬಣ್ಣ ಸಿಗದೆ, ಸೆಪ್ಟೆಂಬರಿನಲ್ಲಿ ಬಟ್ಟೆಗೆ ಹಾಕುವ ಬೇರೆ ಯಾವುದನ್ನೋ ಅಂಚೆಯಲ್ಲಿ ತರಿಸಿ ಮುಳ್ಳು ಅದ್ದಿದ್ದಳು.

ಲೋರ್ನಾ ಬಂದಾಗ ಆಲ್ವೀನಾ ಒಲೆಯ ಪಕ್ಕದ ಕುರ್ಚಿಯಲ್ಲಿ ಬಾಯಿ ತುಂಬಿಕೊಂಡು ಕೂತಿದ್ದಳು.

"ಏನು ಅತ್ತಿಗೆ, ಅಳಿಲಿನ ಹಾಗೆ?"

"ಬಲಕ್ಕೆ ಬಿಳಿ. ಎಡಕ್ಕೆ ಕೆಂಪು," ಎಂದಳು ಆಲ್ವೀನಾ ತೊದಲುತ್ತ, ಬೆರಳಿನಲ್ಲಿ ತೋರಿಸಿ. ಎಡಗಡೆ ಇದುವರೆಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲ.

ಲೋರ್ನಾ ಕ್ಯಾಲೆಂಡರ್ ನೋಡಿದಳು, ಟೋಪಿ ನೋಡಿದಳು, ಅರ್ಥವಾಗಿ ಕೂಗಿದಳು. "ಉಗುಳು! ಹುಚ್ಚಿ, ಉಗುಳು ಅಂದ್ರೆ! ಶುಕ್ರವಾರ ಹೋಗ್ಬೇಕಲ್ಲ ನೀನು! ಆಮೇಲೆ ನೋಡಿದ್ರಾಗಲ್ವಾ?"

ಆಲ್ವೀನಾ ಮುಳ್ಳುಗಳನ್ನು ಅಂಗೈಗೆ ತೆಗೆದುಕೊಂಡಳು. "ತಿಳಿಯಾದ ತುಟಿಲೂ ಆ ವೈರಸ್ ಇರುತ್ತಂತೆ. ಶುಕ್ರವಾರ ನಾನು ಅವಳ ತಲೆ ಮೂಸಿ ಬಂದು, ಶನಿವಾರ ಇದು ಎದ್ರೆ? ಏನಂತ ಗೊತ್ತಿಲ್ದೆ ನಾನು ಆ ಕೂಸಿನ ಹತ್ರ ಉಸಿರಾಡಲ್ಲ."

"ಇನ್ನೊಂದು ಶುಕ್ರವಾರ ನಿನ್ನ ಕೈಲಿ ಇದ್ಯಾ, ಅತ್ತಿಗೆ?"

ಆಲ್ವೀನಾ ಮುಳ್ಳುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು, ಕೆಂಪನ್ನು ಎಡಕ್ಕೆ. ಲೋರ್ನಾ ಎದುರು ಕೂತು ಅತ್ತಳು. ಅಳುತ್ತಲೇ ಒಲೆಗೆ ಸೌದೆ ಹಾಕಿದಳು.

ಗುರುವಾರ ಬೆಳಗ್ಗೆ ತುಟಿಯ ಎಡ ಅಂಚು ತುರಿಸಿತು. ಸಂಜೆಗೆ ಗುಳ್ಳೆಗಳು ಎದ್ದವು, ಎಡಗಡೆ ಮಾತ್ರ. ಬಲಗಡೆ ಕಂದು ಕಲೆಯ ಚರ್ಮ ನುಣ್ಣಗೇ ಇತ್ತು. ಆಲ್ವೀನಾ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಗುಳ್ಳೆಗಳನ್ನು ಎಣಿಸಿ, ಇಷ್ಟು ಚೆಂದದ ಮುಖ ನಾನು ನೋಡೇ ಇಲ್ಲ ಎಂದಳು. ಶುಕ್ರವಾರ ಅವಳು ಹೋದದ್ದು ಕ್ಲಿನಿಕ್ಕಿಗೆ. ಹಸಿ ಹುಣ್ಣನ್ನೇ ಒರೆಸಿದರು, ವೈರಸ್ ಇರಲಿಲ್ಲ. ಎರಡು ಕೆಂಪು ಮುಳ್ಳನ್ನು ಬೆನ್ನಿಗೆ ಅಂಟಿಸಿ ಕಳಿಸಿದರು. ಎರಡು ದಿನ ಬಿಟ್ಟು ತೆಗೆದಾಗ ಅದರ ಅಡಿಯ ಚರ್ಮ ಸುಟ್ಟಂತೆ ಕೆಂಪಗಿತ್ತು. ಇದು ಬಣ್ಣದ ಅಲರ್ಜಿ, ಯಾರಿಗೂ ಹರಡುವುದಿಲ್ಲ ಎಂದು ಬರೆದುಕೊಟ್ಟ ಹಾಳೆಯನ್ನು ಅವಳು ಶಾಲಿನೊಳಗೆ ಇಟ್ಟುಕೊಂಡು ರ‍್ಯಾಪಿಡ್ ಸಿಟಿಗೆ ಹೋದಳು. ಫೆಬ್ರವರಿ ಹನ್ನೊಂದು. ಕೂಸು ಐದು ಪೌಂಡಿಗೆ ಬಂದಿತ್ತು. ಎಡ ತುಟಿಯ ಹಕ್ಕಳೆ ಇನ್ನೂ ಉದುರಿರಲಿಲ್ಲ. ಆದರೂ ಬಾಗಿಲು ತೆರೆಯಿತು.

ಕೂಸು ಮನೆಗೆ ಬಂದ ಮೇಲೆ ಜೋಲೀನ್ ಟೋಪಿ ಕಟ್ಟಿ ಫೋಟೋ ತೆಗೆಯಲು ಹೊರಟಳು. ಆಲ್ವೀನಾ ಕೊಡಲಿಲ್ಲ. "ಅವಳು ಎಲ್ಲ ಬಾಯಿಗೆ ಹಾಕೋ ವಯಸ್ಸು ಬರುತ್ತೆ," ಎಂದು ಚಿಕ್ಕ ಕತ್ತರಿ ತೆಗೆದುಕೊಂಡು ಕೆಂಪನ್ನೆಲ್ಲ ಬಿಚ್ಚತೊಡಗಿದಳು. ನಾಲ್ಕು ತಿಂಗಳು ಹೊಲಿದ ಕೆಲಸ. ದಿನಕ್ಕೆ ಸ್ವಲ್ಪ ಬಿಚ್ಚುತ್ತಿದ್ದಳು, ಕೂಸು ತೊಡೆಯ ಮೇಲೆ ಮಲಗಿದ್ದಾಗ. ಬಿಳಿ ಮುಳ್ಳಿನಲ್ಲಿ ಮತ್ತೆ ತುಂಬಿಸುತ್ತೇನೆ ಎಂದಳು. ತುಂಬಿಸಲಾಗಲಿಲ್ಲ. ಏಪ್ರಿಲ್ ಮೂರರಂದು, ಹುಲ್ಲು ಇನ್ನೂ ಕಂದಾಗಿದ್ದಾಗ, ಮಧ್ಯಾಹ್ನದ ನಿದ್ದೆಯಿಂದ ಅವಳು ಏಳಲಿಲ್ಲ. ಕೂಸನ್ನು ಎತ್ತಿಕೊಂಡದ್ದು ಏಳು ವಾರ.

ಟೋಪಿ ಈಗ ಲೋರ್ನಾಳ ಹತ್ತಿರವಿದೆ. ಅವಳೂ ಮುಳ್ಳಿನ ಕೆಲಸ ಬಲ್ಲವಳು. ಖಾಲಿ ಚುಕ್ಕಿಯನ್ನು ತುಂಬಿಸಿಕೊಡು ಎಂದು ಜೋಲೀನ್ ಕೇಳಿದ್ದಾಳೆ. ಲೋರ್ನಾ ಎರಡು ಸಲ ಬಿಳಿ ಮುಳ್ಳು ಬಾಯಿಗಿಟ್ಟು, ಎರಡು ಸಲವೂ ಹಾಗೇ ತೆಗೆದಳು. ಬೆಳಕಿಗೆ ಹಿಡಿದರೆ ಆಲ್ವೀನಾ ಚುಚ್ಚಿದ ತೂತುಗಳು ಐದು ಮೂಲೆಗಳಲ್ಲೂ ಹಾಗೇ ಇವೆ, ಒಂದೂ ತಪ್ಪಿಲ್ಲ. ಕೂಸು ಅದನ್ನು ಹಾಗೆಯೇ ಹಾಕಿಕೊಳ್ಳಲಿ ಎಂದು ಲೋರ್ನಾ ಹೇಳಿ ಕಳಿಸಿದ್ದಾಳೆ.