ಬಾಳೆಯ ಕವೆಗೋಲು

ಹಿರೇಕೊಡಿಗೆ, ಮಾರ್ಚ್ ೨೦೦೬.

ಬೈನಾಕ್ಯುಲರ್ ಭಾರ, ಅದಕ್ಕೇ ಕೈ ನಡುಗುತ್ತದೆ ಎಂದು ಮನೆಯಲ್ಲಿ ಹೇಳಿ ಹಕ್ಕಿ ನೋಡಲು ಬಂದಿದ್ದೆ. ಇಲ್ಲಿ ಆ ಸುಳ್ಳೂ ಉಳಿಯಲಿಲ್ಲ. ದಾರಿಬದಿಯ ತೋಟದ ಯಜಮಾನರು, ನನಗಿಂತ ಹಿರಿಯರು, ಅದನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು, ಎಲೆಯಡಿಕೆ ತುಂಬಿದ ಬಾಯಲ್ಲೇ ವರದಿ ಕೊಟ್ಟರು: “ಗಂಡು ಮಂಗಟ್ಟೆ ಬಂತು ನೋಡಿ. ಪೊಟರೆಯೊಳಗಿನ ಹೆಣ್ಣಿಗೆ ಹಣ್ಣು ಕೊಡ್ತಾ ಇದೆ.”

ನಾನು ಹಿಡಿದರೆ ಮರವೇ ಕುಣಿಯುತ್ತಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿದೆ, ಉಸಿರು ಬಿಗಿಹಿಡಿದೆ. ಪ್ರಯೋಜನವಾಗಲಿಲ್ಲ.

“ತಡೀರಿ ಮಾರಾಯ್ರೆ” ಎಂದು ಅವರು, ಗೊನೆ ಬಿಟ್ಟ ಬಾಳೆ ಬಾಗದಂತೆ ಆನಿಸುವ ಕವೆಗೋಲೊಂದನ್ನು ತಂದು ನನ್ನ ಮುಂದೆ ನೆಟ್ಟರು. ಅದರ ಕವೆಯಲ್ಲಿ ಬೈನಾಕ್ಯುಲರ್ ಕೂತದ್ದೇ ಮರ ನಿಂತಿತು. ಆದರೆ ಫೋಕಸ್ ಚಕ್ರದ ಮೇಲೆ ನನ್ನ ಬೆರಳು ನಿಲ್ಲಲಿಲ್ಲ. ಅದನ್ನೂ ಅವರೇ ತಿರುಗಿಸಿ, ತಮ್ಮ ಕಣ್ಣಿಗೆ ಸರಿಮಾಡಿಕೊಂಡು, ಪಕ್ಕಕ್ಕೆ ಸರಿದರು. ನನ್ನ ಕಣ್ಣಿಗೆ ಸಿಕ್ಕಿದ್ದು ಒಂದಿಷ್ಟೂ ಅಲುಗಾಡದ ಮಸುಕು.

“ಕಾಣ್ತಾ?”

“ಕಂಡಿತು” ಎಂದೆ.

ಅವರ ಮುಖ ಅರಳಿತು. “ಹಾಗಾದ್ರೆ ನಿಮ್ಮ ಹಕ್ಕಿ ಪುಸ್ತಕದಲ್ಲಿ ಬರ್ಕೊಳಿ.” ನನ್ನ ಕೈಯತ್ತ ನೋಡಿದವರು, “ಕೊಡಿ, ನಾನೇ ಬರಿತೀನಿ” ಎಂದು ಪೆನ್ನು ತೆಗೆದುಕೊಂಡರು.

ನಲವತ್ತು ವರ್ಷದ ನನ್ನ ಪಟ್ಟಿಯಲ್ಲಿ ನಾನು ನೋಡದೆಯೇ ಸೇರಿದ ಹಕ್ಕಿ ಅದೊಂದೇ. ಅಕ್ಷರ ಮಾತ್ರ ದುಂಡಗಿದೆ.